ಪದಚರ್ಚೆ: ಮರ್ಜರ್ ಟ್ರೀಗೆ ‘ವಿಲೀನವೃಕ್ಷ’ ಆದೀತೇ?

ಪ್ರಶ್ನೆ: ಶಿವಮೊಗ್ಗದ ಬಿ.ಎಸ್ಸಿ. ಮಕ್ಕಳ ಕನ್ನಡ ಟಿಪ್ಪಣಿಗೆ ಒಂದು ಪದ ಬೇಕು. ವಿಶ್ವದ ಕಂಪ್ಯೂಟರ್ ಸಿಮ್ಯುಲೇಷನ್‌ಗಳಲ್ಲಿ ಕಪ್ಪುದ್ರವ್ಯದ ಹೇಲೋಗಳು (ಗೆಲಾಕ್ಸಿಗಳನ್ನು ಒಳಗಿಟ್ಟುಕೊಂಡ, ಕಣ್ಣಿಗೆ ಕಾಣದ ದ್ರವ್ಯದ ಗುಂಪುಗಳು) ಒಂದಕ್ಕೊಂದು ಸೇರಿ ಬೆಳೆದ ಬಗೆಯನ್ನು ‘ಮರ್ಜರ್ ಟ್ರೀ’ ತೋರಿಸುತ್ತದೆ. ಬ್ಯಾಂಕುಗಳ ವಿಲೀನ, ಸಂಸ್ಥಾನಗಳ ವಿಲೀನ ಎನ್ನುವ ರೂಢಿ ಇದೆಯಲ್ಲ, ‘ವಿಲೀನವೃಕ್ಷ’ ಎನ್ನಬಹುದೇ?

ಉತ್ತರ: ಬೇಡ ಮೇಷ್ಟ್ರೇ. ಲೀನವಾಯಿತು ಎಂದರೆ ಕರಗಿತು, ಗುರುತು ಉಳಿಯಲಿಲ್ಲ ಎಂದಾಯಿತು. ಚಿಕ್ಕ ಹೇಲೋ ದೊಡ್ಡದರೊಳಗೆ ಹೊಕ್ಕ ಮೇಲೂ ಅದರ ಗೆಲಾಕ್ಸಿ ನೂರಾರು ಕೋಟಿ ವರ್ಷ ಬೇರೆಯಾಗಿಯೇ ಸುತ್ತುತ್ತಿರಬಹುದು. ಹೇಲೋ ಸೇರಿದ್ದು ಒಂದು ಘಟನೆ, ಗೆಲಾಕ್ಸಿ ಕರಗಿದ್ದು ಇನ್ನೊಂದು. ಮೊದಲನೆಯದು ‘ಕೂಡಿಕೆ’ ಆಗಲಿ, ‘ವಿಲೀನ’ ಎರಡನೆಯದಕ್ಕಿರಲಿ. ಕೂಡ್ಲಿಯಲ್ಲಿ ತುಂಗೆ ಭದ್ರೆಯರು ಕೂಡುತ್ತಾರೆ. ಮುಂದಿನ ಹೊಳೆಯಲ್ಲಿ ಇಬ್ಬರ ಹೆಸರೂ ಉಳಿದಿದೆ.

ಮರ್ಜರ್ ಟ್ರೀ ಕಟ್ಟುವ ಕ್ರಮ ನೋಡಿದರೂ ಇದೇ ಸರಿ ಅನ್ನಿಸುತ್ತದೆ. 2005ರ ಮಿಲೇನಿಯಮ್ ಸಿಮ್ಯುಲೇಷನ್‌ನಲ್ಲಿ 2160ರ ಘನದಷ್ಟು, ಅಂದರೆ ಸುಮಾರು 1008 ಕೋಟಿ ಕಣಗಳು; ಉಳಿಸಿಕೊಂಡ ಸ್ನ್ಯಾಪ್‌ಶಾಟ್ (ಒಂದೊಂದು ಕಾಲದಲ್ಲಿ ಕಣಗಳೆಲ್ಲ ಎಲ್ಲಿದ್ದವೆಂಬ ದಾಖಲೆ) 64. ಪ್ರತಿ ಸ್ನ್ಯಾಪ್‌ಶಾಟ್‌ನಲ್ಲೂ ಸರಾಸರಿ ಅಂತರದ 0.2 ಪಾಲಿಗಿಂತ ಹತ್ತಿರದ ಕಣಗಳಿಗೆ ಕೊಂಡಿ ಹಾಕಿ ಗುಂಪು ಮಾಡುತ್ತಾರೆ, ಗುಂಪಿನೊಳಗೆ ಗುರುತ್ವದಿಂದ ಬಿಗಿದ ಉಂಡೆಗಳನ್ನು ಬಿಡಿಸುತ್ತಾರೆ. 20 ಕಣಕ್ಕಿಂತ ಕಡಿಮೆಯಿದ್ದರೆ ಲೆಕ್ಕಕ್ಕಿಲ್ಲ. ಈ ಲೆಕ್ಕದ ಒಂದು ಕಣದ ರಾಶಿಯೇ ಸುಮಾರು 120 ಕೋಟಿ ಸೂರ್ಯರಷ್ಟು, ಹಾಗಾಗಿ 2400 ಕೋಟಿ ಸೂರ್ಯರಾಶಿಗಿಂತ ಚಿಕ್ಕದು ಕಾಣಿಸುವುದೇ ಇಲ್ಲ. ಪ್ರತಿ ಕಣಕ್ಕೂ ಒಂದು ನಂಬರ್ ಇರುತ್ತದೆ. ಉಂಡೆಯ ಕಣಗಳು, ಅದರಲ್ಲೂ ನಡುವಿನ ಬಿಗಿಯಾದವು, ಮುಂದಿನ ಸ್ನ್ಯಾಪ್‌ಶಾಟ್‌ನಲ್ಲಿ ಹೆಚ್ಚಾಗಿ ಎಲ್ಲಿ ಸಿಕ್ಕವೋ ಅದೇ ಅದರ ಉತ್ತರಾಧಿಕಾರಿ.

ತಪ್ಪುವುದು ಎರಡು ಕಡೆ. ಪಕ್ಕದಲ್ಲಿ ಹಾದುಹೋಗುವ ಎರಡು ಹೇಲೋಗಳ ನಡುವೆ ಕಣಗಳ ಸಣ್ಣ ಸಂಕ ಬಿದ್ದರೆ ಸಾಕು, ಒಂದೇ ಗುಂಪೆಂದು ಎಣಿಕೆಯಾಗಿ ಆಮೇಲೆ ಮತ್ತೆ ಎರಡಾಗುತ್ತದೆ. ಇದನ್ನು ವಿಲೀನ ಎಂದು ಬರೆಯಲು ಹೇಗೆ ಸಾಧ್ಯ? ಇನ್ನೊಂದು, ಚಿಕ್ಕ ಉಂಡೆ ದೊಡ್ಡದರ ದಟ್ಟ ನಡುವನ್ನು ದಾಟುವಾಗ ಕಣ್ಮರೆಯಾಗಿ ಕೊಂಬೆ ಕಡಿದುಹೋಗುವುದು. ಅದಕ್ಕೇ ಒಂದು ಸ್ನ್ಯಾಪ್‌ಶಾಟ್ ಬಿಟ್ಟು ಅದರ ಮುಂದಿನದರಲ್ಲೂ ಹುಡುಕಬೇಕು.

‘ವೃಕ್ಷ’ವೂ ತೊಡಕೇ. ಮರ ಬುಡದಿಂದ ಕವಲೊಡೆಯುತ್ತದೆ, ಇಲ್ಲಿ ಕಾಲ ಕೊಂಬೆಯ ತುದಿಯಿಂದ ಬುಡದ ಕಡೆಗೆ ಸಾಗುತ್ತದೆ. ಹಳ್ಳ ಸೇರಿ ಹೊಳೆಯಾಗುವ ದಿಕ್ಕು ಮಲೆನಾಡಿನ ಮಕ್ಕಳಿಗೆ ಗೊತ್ತೇ ಇದೆ; ‘ಕೂಡಿಕೆಯ ನಕ್ಷೆ’ ಎನ್ನಿ. ಪ್ರೋಗ್ರಾಮಿಂಗ್ ಪಾಠದಲ್ಲಿ ಮಾತ್ರ ಟ್ರೀ ಹಾಗೇ ಇರಲಿ.

ಬಳಕೆ: ‘ಈ ಹೇಲೋದ ಕೊನೆಯ ದೊಡ್ಡ ಕೂಡಿಕೆ 800 ಕೋಟಿ ವರ್ಷಗಳ ಹಿಂದಿನದು; ಗೆಲಾಕ್ಸಿಗಳ ವಿಲೀನ ಮುಗಿದದ್ದು ಅದಾಗಿ 200 ಕೋಟಿ ವರ್ಷಕ್ಕೆ.’