‘ಉಬ್ಬರ’ವೋ ‘ಬಾವೋ’? ಆಕ್ಸಲಾಟಲ್ ಹೊಟ್ಟೆಗೆ ಒಂದು ಪದ ಬೇಕಾಗಿದೆ

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಚಾರವಾಗಿ ನಿಮ್ಮನ್ನು ಕೇಳಬೇಕಾಗಿದೆ. ಹಿನ್ನೆಲೆ ಹೇಳದೆ ಕೇಳಿದರೆ ‘ಊತ ಅಂತ ಬರೀರಿ, ಸಾಕು’ ಎನ್ನುವ ಉತ್ತರ ಬರುತ್ತದೆ. ನನಗೆ ಅದು ಸಾಲುತ್ತಿಲ್ಲ. ಹಾಗಾಗಿ ಕಾಗದ ಸ್ವಲ್ಪ ಉದ್ದವಾಗಿದೆ.

ಶಿವಮೊಗ್ಗದ ನಮ್ಮ ಮನೆಯಲ್ಲಿ ಮಗಳು ಒಂದು ಆಕ್ಸಲಾಟಲ್ ಸಾಕಿದ್ದಾಳೆ. ನೋಡದವರಿಗಾಗಿ ಹೇಳುತ್ತೇನೆ: ಗೇಣುದ್ದ, ತಿಳಿಗುಲಾಬಿ ಮೈ, ಪುಟ್ಟ ನಾಲ್ಕು ಕಾಲು, ಮೀನಿನಂಥ ಬಾಲ, ತಲೆಯ ಎರಡೂ ಬದಿಗೆ ಮೂರು ಮೂರು ಗರಿಯ ಹಾಗೆ ಹೊರಗೇ ಚಾಚಿಕೊಂಡ ಕಿವಿರು. ಮೆಕ್ಸಿಕೊ ನಗರದ ಸೊಚಿಮಿಲ್ಕೊ ಕಾಲುವೆಗಳು ಇದರ ತವರು. ಅಲ್ಲಿ ಈಗ ಅಳಿವಿನ ಅಂಚಿನಲ್ಲಿದೆ. ಕೆಲವರು ‘ನಡೆಯುವ ಮೀನು’ ಅಂತ ಕರೆಯುವುದುಂಟು. ಅದು ತಪ್ಪು. ಇದು ಮೀನಲ್ಲ, ಕಪ್ಪೆಯ ದೂರದ ನೆಂಟ, ಸಾಲಮಾಂಡರ್ ಜಾತಿಯದು. ಕಪ್ಪೆಯ ಗೊದಮೊಟ್ಟೆ ಕಿವಿರು ಕಳೆದುಕೊಂಡು ದಡಕ್ಕೆ ಬರುತ್ತದಲ್ಲ, ಇದು ಹಾಗೆ ಮಾಡದೆ ಮರಿರೂಪದಲ್ಲೇ ಪ್ರಾಯಕ್ಕೆ ಬಂದು ಮೊಟ್ಟೆಯನ್ನೂ ಇಡುತ್ತದೆ. 1864ರಲ್ಲಿ ಪ್ಯಾರಿಸ್ಸಿಗೆ ಒಯ್ದವುಗಳ ಮರಿಗಳಲ್ಲಿ ಕೆಲವು ಕಿವಿರು ಕಳಚಿ ನೆಲದ ಪ್ರಾಣಿಗಳಾದಾಗ ಅಲ್ಲಿನ ವಿಜ್ಞಾನಿಗಳೇ ಬೆರಗಾಗಿದ್ದರು. ನಮ್ಮ ಮನೆಯಲ್ಲಿ ಅದರ ಹೆಸರು ‘ಗೊದಮೊಟ್ಟೆ’ ಅಂತಲೇ ಇದೆ. ಇದಕ್ಕಿಂತ ಸರಿಯಾದ ಕನ್ನಡ ಹೆಸರು ನನಗೆ ತೋಚಿಲ್ಲ.

ಏಪ್ರಿಲ್ ಕೊನೆಯ ವಾರ ಒಂದು ಬೆಳಿಗ್ಗೆ ನೋಡಿದರೆ ಗೊದಮೊಟ್ಟೆಯ ಹೊಟ್ಟೆ ಎರಡೂ ಪಕ್ಕಕ್ಕೆ ದಪ್ಪವಾಗಿದೆ, ಕಾಲುಗಳು ಮೈಯಿಂದ ಅತ್ತ ಸರಿದಿವೆ. ಎರೆಹುಳ ಮೂಗಿನ ಹತ್ತಿರ ಹಿಡಿದರೂ ಬಾಯಿ ತೆರೆಯಲಿಲ್ಲ. ಮಗಳು ಹುಡುಕಿದ ಕಡೆಯಲ್ಲೆಲ್ಲ ಒಂದೇ ಪದ: ‘ಬ್ಲೋಟ್’, ಹೊಟ್ಟೆ ಯಾವುದರಿಂದ ದಪ್ಪವಾದರೂ ಇಂಗ್ಲಿಷಿನಲ್ಲಿ ಅದನ್ನೇ ಬರೆದಿದ್ದರು. ಒಬ್ಬರು ಬಟಾಣಿ ತಿನ್ನಿಸಿ ಅಂದರೆ ಇನ್ನೊಬ್ಬರು ಫ್ರಿಜ್ಜಿನಲ್ಲಿಡಿ, ಮತ್ತೊಬ್ಬರು ಉಪ್ಪಿನ ನೀರಿಗೆ ಬಿಡಿ. ಅವಳು ಅಳುವುದೊಂದು ಬಾಕಿ.

ತೀರ್ಥಹಳ್ಳಿ ಹತ್ತಿರದ ಊರಿನಲ್ಲಿರುವ ನಮ್ಮ ಅತ್ತೆಗೆ ಫೋನು ಮಾಡಿದೆ. ನಲವತ್ತು ವರ್ಷ ಮಲೆನಾಡು ಗಿಡ್ಡ ದನ ಸಾಕಿದವರು. ‘ಹೊಟ್ಟೆ ದಪ್ಪ ಆಗಿದೆ ಅತ್ತೆ’ ಅಂದೆ. ಯಾವ ಪ್ರಾಣಿ ಅಂತಲೂ ಕೇಳಲಿಲ್ಲ.

‘ಉಬ್ಬರನಾ, ಬಾವಾ? ಮೊದ್ಲು ಅದು ಹೇಳು ಮಾರಾಯ್ತಿ.’

ಎರಡೂ ಒಂದೇ ಅಲ್ಲವಾ ಅಂದೆ. ‘ಒಂದೇ ಹೆಂಗಾಗ್ತದೆ? ಉಬ್ಬರ ಅಂದ್ರೆ ಗಾಳಿ. ದನದ ಎಡಪಕ್ಕೆಗೆ ಬೆರಳಲ್ಲಿ ತಟ್ಟಿದ್ರೆ ಡಬಡಬ ಅಂತದೆ. ಬಾವು ಅಂದ್ರೆ ನೀರು, ಇಲ್ಲಾ ಕೀವು. ತಟ್ಟಿದ್ರೆ ಶಬ್ದ ಇಲ್ಲ, ಒತ್ತಿದ್ರೆ ಗುಳಿ ಬೀಳ್ತದೆ. ಉಬ್ಬರದ ಮದ್ದು ಬಾವಿಗೆ ಹಾಕಿದ್ರೆ ಏನು ಬಂತು?’

ಆಕ್ಸಲಾಟಲ್ ಮೈ ತಟ್ಟಿ ಒತ್ತಿ ನೋಡುವಂಥದ್ದಲ್ಲ. ಚರ್ಮ ಅಷ್ಟು ಮೆದು, ಎಲುಬೂ ಬಹುಮಟ್ಟಿಗೆ ಮೃದ್ವಸ್ಥಿ. ಆದರೆ ಅತ್ತೆಯ ಪ್ರಶ್ನೆಯನ್ನು ಕಣ್ಣಿನಿಂದಲೇ ಕೇಳಬಹುದಿತ್ತು. ಗಾಳಿ ತುಂಬಿದ್ದರೆ ಅದು ತೇಲುತ್ತದೆ, ಹಿಂಭಾಗ ಎದ್ದು ತಲೆ ಕೆಳಗಾಗುತ್ತದೆ, ತಳಕ್ಕೆ ಹೋಗಲು ಒದ್ದಾಡುತ್ತದೆ. ಇದಕ್ಕೆ ಕಿವಿರಿನ ಜೊತೆ ಶ್ವಾಸಕೋಶವೂ ಉಂಟು, ಮೇಲೆ ಬಂದು ಗಾಳಿ ನುಂಗುವ ಅಭ್ಯಾಸವೂ ಉಂಟು. ನಮ್ಮದು ತಳದಲ್ಲೇ ಕೂತಿತ್ತು. ಮಗಳು ಬಿಳಿ ಟಬ್ಬಿನ ಹೊರಗಿನಿಂದ ಟಾರ್ಚು ಒಂದು ಗಳಿಗೆ ಮಾತ್ರ ಹಿಡಿದಳು. ರೆಪ್ಪೆ ಇಲ್ಲದ ಕಣ್ಣು, ಹೆಚ್ಚು ಹೊತ್ತು ಬೆಳಕು ಬಿಡಬಾರದು. ಹೊಟ್ಟೆ ಉದ್ದಕ್ಕೂ ಒಂದೇ ಸಮನೆ ಬೆಳಗಿತು, ನೀರು ತುಂಬಿ ಕಟ್ಟಿದ ಪ್ಲಾಸ್ಟಿಕ್ ಕೊಟ್ಟೆಯ ಹಾಗೆ. ಗಂಟಲ ಕೆಳಗೂ ತೊಡೆಯ ಬುಡದಲ್ಲೂ ಚರ್ಮ ಬಿಗಿದಿತ್ತು. ‘ಅಜ್ಜಿ, ಉಬ್ಬರ ಅಲ್ಲ’ ಅಂದಳು ಫೋನಿನಲ್ಲಿ.

ಪಶುವೈದ್ಯರ ಹತ್ತಿರ ಹೋದಾಗ ಈ ಒಂದು ಮಾತೇ ಅರ್ಧ ಕೆಲಸ ಮಾಡಿತು. ಅವರು ವಿವರಿಸಿದ್ದನ್ನು ನಾನು ಅತ್ತೆಗೆ ಅಪ್ಪೆಮಿಡಿಯ ಮೂಲಕ ದಾಟಿಸಿದೆ. ಮಿಡಿಯನ್ನು ಉಪ್ಪಿನಲ್ಲಿ ಹಾಕಿದರೆ ನೀರು ಬಿಟ್ಟು ಚಿರುಟುತ್ತದೆ, ಯಾಕೆಂದರೆ ಹೊರಗೆ ಉಪ್ಪು ಹೆಚ್ಚು. ಗೊದಮೊಟ್ಟೆಯದು ಇದರ ತಿರುಗು. ಅದರ ಮೈಯೊಳಗಿನ ರಸ ಸುತ್ತಲಿನ ಸಿಹಿನೀರಿಗಿಂತ ಉಪ್ಪು, ಆದ್ದರಿಂದ ತೆಳುಚರ್ಮದ ಮೂಲಕ ನೀರು ಹಗಲಿರುಳೂ ಒಳಗೆ ಇಳಿಯುತ್ತದೆ. ಅದನ್ನು ಹೊರಹಾಕುವುದು ಮೂತ್ರಪಿಂಡದ ಕೆಲಸ. ಮೂತ್ರಪಿಂಡ, ಯಕೃತ್ತು, ಹೃದಯ ಯಾವುದು ಸೋತರೂ, ಸೋಂಕು ತಗುಲಿದರೂ, ಬಂದ ನೀರು ಅಲ್ಲೇ ನಿಲ್ಲುತ್ತದೆ. ನಮ್ಮ ಊರಿನ ಬಾವಿನೀರು ಸೋಪು ಹಾಕಿದರೆ ಕೈತುಂಬ ನೊರೆ ಬರುವಷ್ಟು ಮೆದು. ಗಡಸು ನೀರಿಗೆ ಒಗ್ಗಿದ ಈ ಪ್ರಾಣಿಗೆ ಅದೇ ಭಾರ. ಆ ನೀರನ್ನು ಕ್ಲೋರಿನ್ ಇಲ್ಲವೆಂದು ಖುಷಿಯಿಂದ ತಂದು ತುಂಬಿಸಿದವಳು ನಾನೇ, ಅದನ್ನು ನೆನೆದರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ಚಿಕಿತ್ಸೆ ಇಷ್ಟು: ಬೇರೆ ಟಬ್ಬು, ದಿನಕ್ಕೊಮ್ಮೆ ಪೂರ್ತಿ ನೀರು ಬದಲು, ಕೆಲವು ದಿನ ಉಪವಾಸ, ನೀರು 16ರಿಂದ 18 ಡಿಗ್ರಿ. ಏಪ್ರಿಲ್ಲಿನ ಶಿವಮೊಗ್ಗದಲ್ಲಿ ಇದು ಸುಲಭದ ಮಾತಲ್ಲ. ನೀರು ಹೆಪ್ಪುಗಟ್ಟಿಸಿದ ಬಾಟಲಿಗಳನ್ನು ರಾತ್ರಿ ಎರಡು ಗಂಟೆಗೂ ಎದ್ದು ಬದಲಿಸಿದ್ದೇವೆ. ವೈದ್ಯರು ಸೂಜಿಯಿಂದ ಒಮ್ಮೆ ಸ್ವಲ್ಪ ನೀರು ತೆಗೆದರು. ಸಾದಾ ನೀರಿನ ಬದಲು ಹೋಲ್ಟ್‌ಫ್ರೆಟರ್ ದ್ರಾವಣದಲ್ಲಿ ಇಡಲು ಹೇಳಿದರು. ಪೂರ್ಣ ಸಾಂದ್ರತೆಯಲ್ಲಿ 1 ಲೀಟರಿಗೆ ಸುಮಾರು 3.5 ಗ್ರಾಂ ಉಪ್ಪು, ಜೊತೆಗೆ ಚಿಟಿಕೆಗಿಂತ ಕಮ್ಮಿ ಪೊಟ್ಯಾಸಿಯಂ, ಕ್ಯಾಲ್ಸಿಯಂ ಲವಣಗಳು ಮತ್ತು ಅಡುಗೆ ಸೋಡ. ಎಷ್ಟು ತೆಳುಮಾಡಬೇಕು, ಎಷ್ಟು ದಿನ ಎನ್ನುವುದನ್ನು ವೈದ್ಯರೇ ಹೇಳಬೇಕು. ಹೊರಗೂ ಒಳಗೂ ಉಪ್ಪು ಹತ್ತಿರ ಹತ್ತಿರ ಬಂದರೆ ಒಳಗಿಳಿಯುವ ನೀರು ಕಮ್ಮಿಯಾಗುತ್ತದೆ, ಮೂತ್ರಪಿಂಡಕ್ಕೆ ಉಸಿರು ಸಿಗುತ್ತದೆ. ಹನ್ನೆರಡನೆಯ ದಿನ ಅರ್ಧ ಎರೆಹುಳ ತಿಂದಿತು.

ಈಗ ಪದದ ಮಾತಿಗೆ ಬರುತ್ತೇನೆ. ಮಗಳ ಸ್ನೇಹಿತೆಯ ಮನೆಗೂ ಒಂದು ಆಕ್ಸಲಾಟಲ್ ಬಂದಿದೆ. ಅವರ ಮನೆಯಲ್ಲಿ ಎಲ್ಲರಿಗೂ ಓದಲು ಬರುವುದು ಕನ್ನಡ. ಆರೈಕೆಯ ಚೀಟಿ ಬರೆದುಕೊಡುತ್ತಿದ್ದೇನೆ. ‘ಬ್ಲೋಟ್’ ಅಂತಲೇ ಬರೆದರೆ ನಾವು ಸಿಕ್ಕಿಕೊಂಡ ಗೋಜಲಿಗೇ ಅವರನ್ನೂ ನೂಕಿದಂತೆ.

‘ಹೊಟ್ಟೆಯುಬ್ಬರ’ವನ್ನು ಗಾಳಿಗೆ ಮೀಸಲಿಡಬೇಕೆಂದು ನನ್ನ ಮನಸ್ಸು. ಆದರೆ ಅಡ್ಡಿಯೂ ಇದೆ. ಪೂರಿ ಉಬ್ಬುವುದು ಗಾಳಿಯಿಂದ ಸರಿ. ನೆನೆಹಾಕಿದ ಕಡಲೆಯೂ ಉಬ್ಬುತ್ತದೆ, ಅದು ನೀರಿನಿಂದ. ಕಡಲಿನ ಉಬ್ಬರವಂತೂ ನೀರೇ. ಹಾಗಾದರೆ ಅತ್ತೆ ಮಾಡುವ ಭೇದ ಪದದಲ್ಲೇ ಇರುವುದಲ್ಲ, ದನ ಸಾಕುವವರು ಬಳಕೆಯಲ್ಲಿ ಕೂರಿಸಿಕೊಂಡದ್ದು. ‘ಊತ’ದ ಕಥೆ ಇನ್ನೂ ತಮಾಷೆ. ಊದು ಅಂದರೆ ಗಾಳಿ ಬಿಡುವುದು, ಶಂಖ ಊದಿದ ಹಾಗೆ. ಆದರೂ ಕಾಲಿಗೆ ನೀರು ತುಂಬಿದರೆ ‘ಊದಿಕೊಂಡಿದೆ’ ಅಂತೇವೆ. ಹಾಗಾಗಿ ಆ ಪದವನ್ನು ಚೀಟಿಯಿಂದ ಹೊರಗಿಟ್ಟೆ. ‘ಬಾವು’ ಬಳಸೋಣವೆಂದರೆ ‘ಕೆಚ್ಚಲು ಬಾವು’ ಕೇಳಿ ಬೆಳೆದವರಿಗೆ ನೋವು, ಬಿಸಿ, ಕೀವು ಎಲ್ಲ ಜೊತೆಗೇ ನೆನಪಾಗುತ್ತದೆ. ಇಲ್ಲಿ ಅದಾವುದೂ ಕಾಣುವುದಿಲ್ಲ.

ಆಯುರ್ವೇದದವರು ಉದರರೋಗವನ್ನು 8 ಬಗೆಯಾಗಿ ವಿಂಗಡಿಸುತ್ತಾರೆ. ಅದರಲ್ಲಿ ನೀರು ತುಂಬಿದ್ದು ಜಲೋದರ, ಮಲ ಕಟ್ಟಿ ಬೀಗಿದ್ದು ಬದ್ಧಗುದೋದರ. ಎರಡನೆಯದೂ ನಮಗೆ ಬೇಕು. ಈ ಪ್ರಾಣಿ ಬಾಯಿ ತೆರೆದು ನೀರಿನ ಸಮೇತ ಆಹಾರ ಎಳೆದುಕೊಳ್ಳುತ್ತದೆ. ತೊಟ್ಟಿಯ ತಳದಲ್ಲಿ ಹರಳುಕಲ್ಲು ಇದ್ದರೆ ಅದೂ ಒಳಗೆ ಹೋಗಿ ಕರುಳು ಕಟ್ಟುತ್ತದೆ. ಅಂಗಡಿಯವರು ಅಂದಕ್ಕೆಂದು ಕೊಟ್ಟ ಕಲ್ಲನ್ನು ನಾವು ಮೊದಲ ತಿಂಗಳೇ ತೆಗೆದುಹಾಕಿದ್ದೆವು. ಇದಕ್ಕೆ ‘ಹೊಟ್ಟೆ ಕಟ್ಟಿದೆ’ ಅಂತ ಬರೆದೆ, ಯಾರಿಗೂ ಅರ್ಥವಾಗುತ್ತದೆ. ಆದರೆ ಜಲೋದರ ಎಂದರೆ ಹೊಟ್ಟೆಗಷ್ಟೇ ನೀರು. ಗಂಟಲಿಗೂ ತೊಡೆಗೂ ಇಳಿದದ್ದಕ್ಕೆ ಆ ಪದ ಸಾಲದು. ಅತ್ತೆ ದನದ ಗದ್ದದ ಕೆಳಗಿನ ಊತಕ್ಕೆ ‘ನೀರಿಳಿದಿದೆ’ ಅನ್ನುತ್ತಾರೆ. ‘ಮೈನೀರು’ ಅಂತ ಕಟ್ಟಿದರೆ ಹೇಗೆ ಅಂತ ಮಗಳು ಕೇಳುತ್ತಾಳೆ. ನನಗೆ ಅದು ಕಿವಿಗೆ ಹಿತವಾಗಿದೆ, ನಿಮಗೆ ಹೇಗೆ ಕೇಳುತ್ತದೆ?

ಮೊಟ್ಟೆ ತುಂಬಿದ ಹೆಣ್ಣಿನ ಹೊಟ್ಟೆಯೂ ದಪ್ಪವೇ. ಮೊದಲ ಮಳೆಗೆ ಗದ್ದೆಗೆ ಹತ್ತುವ ಮೀನಿನ ಹೊಟ್ಟೆ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಅದಕ್ಕೆ ರೋಗದ ಪದ ಬೇಡವೇ ಬೇಡ.

ಇನ್ನೊಂದು ಪದ ನನ್ನನ್ನು ನಿಜಕ್ಕೂ ಹೆದರಿಸುತ್ತಿದೆ: ‘ಉಪ್ಪುನೀರು’. ಮೀನು ಸಾಕುವವರು ಬೂಷ್ಟಿಗೆಂದು ‘ಉಪ್ಪುಸ್ನಾನ’ ಮಾಡಿಸುತ್ತಾರೆ. ಅದು ಗಾಢ, ಹತ್ತು ನಿಮಿಷದ ಕೆಲಸ. ಹೋಲ್ಟ್‌ಫ್ರೆಟರ್ ತೆಳು, ದಿನಗಟ್ಟಲೆ ಇರುವಂಥದ್ದು. ಎರಡಕ್ಕೂ ‘ಉಪ್ಪುನೀರು’ ಅಂದುಬಿಟ್ಟರೆ ಗಾಢ ನೀರಿನಲ್ಲಿ ರಾತ್ರಿಯಿಡೀ ಬಿಟ್ಟು ಪ್ರಾಣಿ ಅಪ್ಪೆಮಿಡಿಯಂತೆ ಆದೀತು. ‘ದ್ರಾವಣ’ ಶಾಲೆಯ ಪುಸ್ತಕದ ಪದವಾದರೂ ಇಲ್ಲಿ ಅದನ್ನೇ ಉಳಿಸಿಕೊಂಡಿದ್ದೇನೆ.

ಚೀಟಿಯ ಈಗಿನ ಸಾಲು ಹೀಗಿದೆ: ‘ಹೊಟ್ಟೆ ದಪ್ಪವಾಗಿ ತೇಲುತ್ತಿದ್ದರೆ ಉಬ್ಬರ. ದಪ್ಪವಾಗಿ ತಳದಲ್ಲಿದ್ದು ಗಂಟಲು, ತೊಡೆಯೂ ಬಿಗಿದಿದ್ದರೆ ಮೈಗೆ ನೀರಿಳಿದಿದೆ. ಎರಡರಲ್ಲಿ ಯಾವುದೇ ಆಗಿದ್ದರೂ ಹೊಟ್ಟೆ ಒತ್ತಬೇಡಿ, ಮನುಷ್ಯರ ಮಾತ್ರೆ ಕೊಡಬೇಡಿ, ತಣ್ಣನೆಯ ಶುದ್ಧನೀರಿಗೆ ಬದಲಿಸಿ ವೈದ್ಯರಿಗೆ ತೋರಿಸಿ.’

ಸಾಗರ, ಹೊಸನಗರ, ಕೊಪ್ಪ, ಶೃಂಗೇರಿ ಕಡೆಯವರು, ನಿಮ್ಮ ಮನೆಯ ಹಿರಿಯರು ದನಕ್ಕೋ ನಾಯಿಗೋ ಹೀಗೆ ನೀರು ತುಂಬಿದಾಗ ಏನನ್ನುತ್ತಿದ್ದರು ಅಂತ ದಯವಿಟ್ಟು ಕೇಳಿ ಬರೆಯಿರಿ. ಕರಾವಳಿಯವರ ಬಳಕೆಯೂ ಬೇಕು, ‘ಉಬ್ಬರ’ ಅಂದಾಗ ನಿಮಗೆ ಮೊದಲು ಸಮುದ್ರ ನೆನಪಾಗುತ್ತದೋ ಹೊಟ್ಟೆಯೋ? ಭಾನುವಾರ ಚೀಟಿ ಆ ಮನೆಗೆ ಕೊಡಬೇಕು, ಶನಿವಾರ ಸಂಜೆಯವರೆಗೂ ತಿದ್ದಲು ಜಾಗ ಬಿಟ್ಟಿದ್ದೇನೆ.