ದಿನಾ ನೀರು ಹಾಕಿದರೂ ಮನೆಯೊಳಗಿನ ಗಿಡ ಒಣಗುವುದು ಯಾಕೆ? ನರ್ಸರಿಯವರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಕಲಬುರಗಿ): ಸರ್, ನಮ್ಮದು ಎರಡನೇ ಮಹಡಿ ಮನೆ. ಹಾಲ್‌ನಲ್ಲಿ ಒಂದು ಪೀಸ್ ಲಿಲ್ಲಿ, ಒಂದು ಅರೆಕಾ ಪಾಮ್, ಒಂದು ಮನಿ ಪ್ಲಾಂಟ್ ಇದೆ. ಚಳಿಗಾಲದಲ್ಲಿ ಚೆನ್ನಾಗಿದ್ದವು. ಬಿಸಿಲು ಶುರುವಾದ ಮೇಲೆ ಪೀಸ್ ಲಿಲ್ಲಿ ಪೂರ್ತಿ ಜೋತು ಬಿದ್ದಿದೆ, ಪಾಮ್ ಎಲೆಗಳ ತುದಿ ಕಂದಾಗುತ್ತಿದೆ. ದಿನಾ ಬೆಳಗ್ಗೆ ತಪ್ಪದೆ ನೀರು ಹಾಕುತ್ತೇನೆ, ಕೆಳಗಿನ ತಟ್ಟೆಗೂ ಇಳಿದು ಬರುತ್ತದೆ. ಇನ್ನೂ ಜಾಸ್ತಿ ಹಾಕಬೇಕಾ? ಅಥವಾ ಜಾಸ್ತಿ ಆಗಿಯೇ ಹೀಗಾಯಿತಾ?

ಉತ್ತರ (ನರ್ಸರಿಯವರು): ಅಕ್ಕಾ, ನೀರು ಕಮ್ಮಿಯಾದರೂ ಗಿಡ ಬಾಡುತ್ತದೆ, ಜಾಸ್ತಿಯಾಗಿ ಬೇರು ಕೊಳೆತರೂ ಬಾಡುತ್ತದೆ. ಎಲೆ ನೋಡಿ ಹೇಳುವುದು ಕಷ್ಟ. ಮೊದಲು ಪೀಸ್ ಲಿಲ್ಲಿ ಕುಂಡವನ್ನು ಎತ್ತಿ ನೋಡಿ, ಹಗುರ ಇದೆಯಾ ಭಾರ ಇದೆಯಾ? ಮಣ್ಣಿಗೂ ಕುಂಡದ ಗೋಡೆಗೂ ನಡುವೆ ಸಂದು ಬಿಟ್ಟಿದೆಯಾ? ಕೂಲರ್ ಎಲ್ಲಿದೆ, ಗಿಡ ಎಲ್ಲಿದೆ ಅಂತಲೂ ಹೇಳಿ.

ಪ್ರಶ್ನೆ: ಕುಂಡ ಖಾಲಿ ಡಬ್ಬಿಯಷ್ಟು ಹಗುರ ಇದೆ ಸರ್! ಈಗ ತಾನೇ ನೀರು ಹಾಕಿದ್ದೆ. ಗೋಡೆ ಪಕ್ಕ ಪೆನ್ಸಿಲ್ ತೂರುವಷ್ಟು ಸಂದು ಇದೆ. ಕೂಲರ್ ಕಿಟಕಿಯಲ್ಲಿದೆ, ಗಿಡ ಅದರ ಎದುರಿಗೇ ಇವೆ, ತಂಪಾಗಿರಲಿ ಅಂತ ಅಲ್ಲಿಟ್ಟೆ.

ಉತ್ತರ: ಹಾಗಾದರೆ ಸಿಕ್ಕಿತು. ನೀವು ಹಾಕಿದ ನೀರು ಬೇರಿಗೆ ಹೋಗುತ್ತಲೇ ಇಲ್ಲ. ನಮ್ಮಲ್ಲಿ ಬರುವ ಗಿಡಗಳಲ್ಲಿ ಬಹಳಷ್ಟು ಕೊಕೊಪೀಟ್‌ನಲ್ಲೇ, ಅಂದರೆ ತೆಂಗಿನ ನಾರಿನ ಪುಡಿಯಲ್ಲೇ, ಬೆಳೆದಿರುತ್ತವೆ. ಅದು ಒದ್ದೆ ಇರುವವರೆಗೆ ನೀರು ಚೆನ್ನಾಗಿ ಹಿಡಿಯುತ್ತದೆ, ಒಮ್ಮೆ ಪೂರ್ತಿ ಒಣಗಿದರೆ ಮಾತ್ರ ಸಲೀಸಾಗಿ ನೀರು ಹೀರುವುದಿಲ್ಲ. ಒಣಗಿದಾಗ ಕುಗ್ಗಿ ಗೋಡೆ ಬಿಟ್ಟು ಸಂದಾಗುತ್ತದೆ, ನೀರು ಆ ಸಂದಿನಿಂದ ಜಾರಿ ನೇರ ತಟ್ಟೆಗೆ ಬರುತ್ತದೆ. ನೋಡಿದವರಿಗೆ ನೀರು ಸಾಕಾಯಿತು ಅನಿಸುತ್ತದೆ, ಅಲ್ವಾ? ಒಳಗಿನ ಬೇರಿನ ಉಂಡೆ ಒಣಗಿಯೇ ಇರುತ್ತದೆ.

ಇವತ್ತೇ ಹೀಗೆ ಮಾಡಿ. ಒಂದು ಬಕೆಟ್‌ನಲ್ಲಿ ನೀರು ತುಂಬಿ ಕುಂಡವನ್ನು ಅದರಲ್ಲಿ ಇಳಿಸಿ, ನೀರು ಮಣ್ಣಿನ ಮಟ್ಟಕ್ಕೆ ಬರಬೇಕು. ಹಗುರ ಇರುವುದರಿಂದ ಮೊದಲು ತೇಲುತ್ತದೆ, ಕೈಯಿಂದ ಒತ್ತಿ ಹಿಡಿಯಿರಿ. ಗುಳ್ಳೆ ಬರುತ್ತವೆ. ಗುಳ್ಳೆ ನಿಂತ ಮೇಲೂ ಅರ್ಧ ಗಂಟೆ ಹಾಗೇ ಬಿಡಿ, ಆಮೇಲೆ ಎತ್ತಿ ನೀರು ಬಸಿಯಲು ಬಿಡಿ. ಈಗಿನ ಭಾರ ಎಷ್ಟು ಅಂತ ಕೈಗೆ ಗೊತ್ತಾಗಲಿ, ಮುಂದೆ ಅದೇ ನಿಮ್ಮ ಅಳತೆ. ಸಂದಿನಲ್ಲಿ ಸ್ವಲ್ಪ ಮಣ್ಣು ತುಂಬಿ ಒತ್ತಿಬಿಡಿ. ಬೇರು ಜೀವಂತ ಇದ್ದರೆ ಪೀಸ್ ಲಿಲ್ಲಿ ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತದೆ. ಪಾಮ್ ಎಲೆಯ ಕಂದು ತುದಿ ಮಾತ್ರ ಮತ್ತೆ ಹಸಿರಾಗುವುದಿಲ್ಲ, ಕತ್ತರಿಯಿಂದ ತೆಗೆಯಿರಿ, ಹಸಿರು ಭಾಗಕ್ಕೆ ತಾಗಿಸಬೇಡಿ.

ಇನ್ನು "ದಿನಾ ಇಷ್ಟು ನೀರು" ಅನ್ನುವ ಲೆಕ್ಕ ಬಿಡಿ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿನೊಳಗೆ ಹಾಕಿ ನೋಡಿ. ಪೀಸ್ ಲಿಲ್ಲಿಗೆ ಮೇಲ್ಮಣ್ಣು ಒಣಗಿದ್ದರೆ ಸಾಕು, ನೀರು ಹಾಕಿ. ಮನಿ ಪ್ಲಾಂಟ್‌ಗೆ ಬೆರಳು ಹೋದಷ್ಟೂ ಒಣಗಿರಲಿ. ಹಾಕುವಾಗ ಸುತ್ತಲೂ ನಿಧಾನವಾಗಿ, ಕೆಳಗಿನಿಂದ ಬಸಿಯುವಷ್ಟು ಹಾಕಬೇಕು, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಬೇಕು. ಸುಮ್ನೆ ದಿನಾ ಒಂದು ಲೋಟ ಚಿಮುಕಿಸಿದರೆ ಮೇಲಿನ ಮಣ್ಣಷ್ಟೇ ನೆನೆಯುತ್ತದೆ.

ಪ್ರಶ್ನೆ: ಕೂಲರ್ ಎದುರು ಇಟ್ಟಿದ್ದು ಒಳ್ಳೆಯದೇ ಅಲ್ವಾ ಸರ್, ತೇವ ಗಾಳಿ ತಾನೇ?

ಉತ್ತರ: ಗಾಳಿಯಲ್ಲಿ ತೇವ ಇದೆ, ಅದು ನಿಜ. ಹಾಗಾಗಿ ಕೂಲರ್ ಇರುವ ಕೋಣೆ ಗಿಡಕ್ಕೆ ಎಸಿ ಕೋಣೆಗಿಂತ ವಾಸಿ, ಎಸಿ ಗಾಳಿಯ ತೇವವನ್ನು ಹಿಂಡಿ ಹೊರಗೆ ಹಾಕುತ್ತದೆ. ಆದರೆ ಗಾಳಿ ರಭಸವಾಗಿ ಎಲೆಗೇ ಬಡಿಯುತ್ತಿದ್ದರೆ ಎಲೆಯಿಂದ ನೀರು ಹೋಗುವ ವೇಗ ಹೆಚ್ಚಾಗುತ್ತದೆ. ಇನ್ನೊಂದು, ಕೂಲರ್ ಆಫ್ ಮಾಡಿದಾಗ ಅದೇ ಕಿಟಕಿಯಿಂದ ಬಿಸಿ ಗಾಳಿ ಒಳಗೆ ನುಗ್ಗುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಹೊಸದೇನಲ್ಲ, ಆ ಝಳ ಒಂದು ಮಧ್ಯಾಹ್ನ ಬಡಿದರೂ ಪೀಸ್ ಲಿಲ್ಲಿ ಸೋಲುತ್ತದೆ. ಕೂಲರ್ ಇರುವ ಕೋಣೆಯಲ್ಲೇ ಇರಲಿ, ಗಾಳಿಯ ದಾರಿಯಿಂದ ಪಕ್ಕಕ್ಕೆ ಸರಿಸಿ, ಮೂರನ್ನೂ ಒತ್ತಟ್ಟಿಗೆ ಇಡಿ. ಎಲೆ ಮೇಲೆ ನೀರು ಸಿಂಪಡಿಸುವುದು ಬೇಕಾದರೆ ಮಾಡಿ, ಅದರ ತಂಪು ಹೆಚ್ಚು ಹೊತ್ತು ಇರುವುದಿಲ್ಲ.

ಪ್ರಶ್ನೆ (ಬೀದರ್): ಅಣ್ಣಾ, ನಾನು ಕೊಕೊಪೀಟ್ ಬಳಸಿಯೇ ಇಲ್ಲ, ಹೊಲದ ಕೆಂಪು ಮಣ್ಣು ತಂದು ತುಂಬಿದ್ದೀನಿ. ಮೇಲೆ ಗಟ್ಟಿಯಾಗಿ ನೀರು ನಿಂತೇ ಬಿಡುತ್ತದೆ. ಕರಿ ಮಣ್ಣು ಹಾಕಿದರೆ ಸರಿ ಹೋಗುತ್ತಾ?

ಉತ್ತರ: ಬೇಡ. ಹೊಲಕ್ಕೆ ಒಳ್ಳೆಯ ಮಣ್ಣು ಕುಂಡಕ್ಕೂ ಒಳ್ಳೆಯದು ಅಂತೇನಿಲ್ಲ. ಕರಿ ಮಣ್ಣು, ಅಂದರೆ ಎರೆ ಮಣ್ಣು, ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಬಿರಿಯುವಾಗ ಸಣ್ಣ ಬೇರು ಹರಿಯುತ್ತವೆ. ಹೊಲದಲ್ಲಾದರೆ ತೊಗರಿಯ ಬೇರು ಆಳಕ್ಕೆ ಇಳಿದು ಬದುಕುತ್ತದೆ, ಕುಂಡದಲ್ಲಿ ಇಳಿಯಲು ಜಾಗ ಎಲ್ಲಿ? ನಿಮ್ಮ ಕೆಂಪು ಮಣ್ಣೇ ಇರಲಿ. ಒಂದು ಪಾಲು ಮಣ್ಣು, ಒಂದು ಪಾಲು ಕೊಕೊಪೀಟ್, ಒಂದು ಪಾಲು ಎರೆಹುಳು ಗೊಬ್ಬರ, ಜೊತೆಗೆ ಒಂದೆರಡು ಹಿಡಿ ದಪ್ಪ ಉಸುಕು. ಆದರೆ ಈ ಬಿಸಿಲಲ್ಲಿ ಕುಂಡ ಬದಲಿಸಲು ಹೋಗಬೇಡಿ, ಮೃಗಶಿರಾ ಮಳೆ ಬರಲಿ. ಅಲ್ಲಿಯವರೆಗೆ ಮೇಲಿನ ಪದರವನ್ನು ಕಡ್ಡಿಯಿಂದ ಸಡಿಲ ಮಾಡಿ, ಮೇಲೆ ಶೇಂಗಾ ಸಿಪ್ಪೆ ಹರಡಿ. ಬಾಡಿದ ಗಿಡಕ್ಕೆ ಯೂರಿಯಾ ಹಾಕುವವರಿದ್ದಾರೆ, ದಯವಿಟ್ಟು ಬೇಡ. ಒಣ ಬೇರಿಗೆ ಗೊಬ್ಬರ ಬಿದ್ದರೆ ಸುಡುತ್ತದೆ.

ಪ್ರಶ್ನೆ (ಕಲಬುರಗಿ, ಇನ್ನೊಬ್ಬರು): ನಮ್ಮದು ಬೋರ್‌ವೆಲ್ ನೀರು, ಬಹಳ ಸವಳು. ಕುಂಡದ ಅಂಚಿಗೆ ಬೆಳ್ಳಗೆ ಪುಡಿ ಕಟ್ಟಿದೆ. ಆರ್‌ಒ ಮಷಿನ್‌ನಿಂದ ಹೊರಬರುವ ನೀರು ಸುಮ್ನೆ ಚರಂಡಿಗೆ ಹೋಗುತ್ತದೆ, ಅದನ್ನು ಹಾಕಬಹುದಾ?

ಉತ್ತರ: ಅದನ್ನು ಮಾತ್ರ ಹಾಕಬೇಡಿ. ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಬೋರ್ ಸವಳಿದ್ದರೆ ಹೊರಬರುವ ನೀರು ಇನ್ನೂ ಸವಳು. ಅಂಗಳ ತೊಳೆಯಲು ಬಳಸಿ. ಕೂಲರ್ ಟ್ಯಾಂಕ್ ತಳದ ನೀರೂ ಹಾಗೆಯೇ, ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಕೂಲರ್ ಹುಲ್ಲಿನ ಮೇಲೆ ಬೆಳ್ಳಗೆ ಕಟ್ಟುತ್ತದಲ್ಲ, ಅದೇ ಇದು. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣ ತೀರಾ ಕಮ್ಮಿ, ಅದನ್ನು ಹಾಕಬಹುದು. ಮಳೆ ನೀರು ಸಿಕ್ಕರಂತೂ ಬಿಡಬೇಡಿ. ಅಂಚಿನ ಪುಡಿ ಕೆರೆದು ತೆಗೆದು, ತಿಂಗಳಿಗೊಮ್ಮೆ ಕುಂಡವನ್ನು ಬಚ್ಚಲಲ್ಲಿಟ್ಟು ಸಿಹಿ ನೀರನ್ನು ಧಾರಾಳವಾಗಿ ಹರಿಸಿ, ಕಟ್ಟಿದ ಉಪ್ಪು ತೊಳೆದು ಹೋಗುತ್ತದೆ. ಎಲೆ ಕೆಳಗೆ ಸಣ್ಣ ಬಲೆ, ಮೇಲೆ ಹಳದಿ ಚುಕ್ಕಿ ಕಂಡರೆ ಅದು ಉಪ್ಪಲ್ಲ, ನುಸಿ. ಒಣ ಬಿಸಿಲಿಗೆ ಬೇಗ ಹೆಚ್ಚುತ್ತದೆ, ಎಲೆಯ ಹಿಂಬದಿಯನ್ನು ನೀರಿನ ರಭಸಕ್ಕೆ ಹಿಡಿದು ತೊಳೆಯಿರಿ.

ಪ್ರಶ್ನೆ: ನನ್ನ ಸ್ನೇಕ್ ಪ್ಲಾಂಟ್ ಬುಡ ಮೆತ್ತಗಾಗಿದೆ. ಇದೂ ನೀರು ಸಾಲದೆಯೇ?

ಉತ್ತರ: ಅಲ್ಲ, ಅದು ಕೊಳೆತ. ಸ್ನೇಕ್ ಪ್ಲಾಂಟ್, ಝೀಝೀ (ZZ) ಪ್ಲಾಂಟ್ ಎರಡೂ ನೀರನ್ನು ಒಳಗೆ ಕೂಡಿಟ್ಟುಕೊಳ್ಳುವ ಜಾತಿ. ಮಣ್ಣು ಪೂರ್ತಿ ಒಣಗುವವರೆಗೆ ಕಾಯಬೇಕು. ಮೆತ್ತಗಿನ ಭಾಗ ಕತ್ತರಿಸಿ ಬಿಸಾಡಿ, ಗಟ್ಟಿ ಎಲೆಯನ್ನು ಕೆಲವು ದಿನ ನೆರಳಲ್ಲಿ ಒಣಗಿಸಿ ಉಸುಕಿನಲ್ಲಿ ನೆಡಿ.

ಪ್ರಶ್ನೆ (ಯಾದಗಿರಿ): ಮುಂದಿನ ವಾರ ತಮ್ಮನ ಮದುವೆ, ಊರಿಗೆ ಹೋದರೆ ಎಂಟು ದಿನ ಮನೆ ಬೀಗ. ಪಕ್ಕದ ಮನೆಯವರೂ ನಮ್ಮ ಜೊತೆಗೇ ಬರುತ್ತಿದ್ದಾರೆ! ಗಿಡಗಳನ್ನು ಯಾರ ಕೈಗೆ ಬಿಡುವುದು?

ಉತ್ತರ: ಹತ್ತಿ ಹಗ್ಗದ ಕೈಗೆ ಬಿಡಿ. ಕಿರುಬೆರಳಿನಷ್ಟು ದಪ್ಪದ ಹತ್ತಿ ಹಗ್ಗ ತೆಗೆದುಕೊಂಡು ಪೂರ್ತಿ ನೆನೆಸಿ. ಒಂದು ತುದಿ ಮಣ್ಣಿನೊಳಗೆ ನಾಲ್ಕು ಬೆರಳು ಆಳ ಇರಲಿ, ಇನ್ನೊಂದು ಬಕೆಟ್ ತಳ ಮುಟ್ಟಲಿ. ಬಕೆಟ್‌ ಅನ್ನು ಸ್ಟೂಲ್ ಮೇಲೆ ಕುಂಡಕ್ಕಿಂತ ಸ್ವಲ್ಪ ಎತ್ತರಕ್ಕೆ ಇಟ್ಟು ಮೇಲೆ ತಟ್ಟೆ ಮುಚ್ಚಿ. ನೈಲಾನ್ ಹಗ್ಗ ನಡೆಯುವುದಿಲ್ಲ. ಹೋಗುವ ಮುಂಚೆ ಗಿಡಕ್ಕೆ ಚೆನ್ನಾಗಿ ನೀರು ಹಾಕಿ, ಪಶ್ಚಿಮದ ಕಿಟಕಿಯಿಂದ ದೂರ, ಬೆಳಕು ಬರುವ ಕಡೆ ಎಲ್ಲವನ್ನೂ ಗುಂಪಾಗಿ ಇಡಿ. ಇವತ್ತೇ ಕಟ್ಟಿ ಎರಡು ದಿನ ನೋಡಿ. ಮಣ್ಣು ಕೆಸರಾದರೆ ಬಕೆಟ್ ಕೆಳಗಿಳಿಸಿ, ಒಣಗಿದರೆ ಇನ್ನೊಂದು ಹಗ್ಗ ಸೇರಿಸಿ. ಸ್ನೇಕ್ ಪ್ಲಾಂಟ್ ಇದ್ದರೆ ಅದಕ್ಕೆ ಹಗ್ಗ ಬೇಡ, ಹಾಗೇ ಬಿಟ್ಟು ಹೋಗಿ.