ಹಳೇ 911 ಎಸ್‌ಸಿ ಕೊಟ್ಟು 997 ತಗೊಳ್ಳೋದು: ಮೆಕ್ಯಾನಿಕ್‌ಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ: 1982ರ ಪೋರ್ಷೆ 911 ಎಸ್‌ಸಿ ಇದೆ, ಚೆನ್ನಾಗಿಯೇ ಓಡ್ತಿದೆ. ಅದನ್ನು ಕೊಟ್ಟು 997, ಅಂದರೆ ಅದೇ 911ರ ಹೊಸ ತಲೆಮಾರಿನದ್ದು, ತಗೊಳ್ಳೋಣ ಅಂತಿದ್ದೇನೆ. ನೋಡಿಟ್ಟಿರೋದು 2006ರ ಕರೇರಾ ಎಸ್, ಮ್ಯಾನುಯಲ್ ಗೇರ್. ಸ್ವಲ್ಪ ಎಳೆದರೆ 2009ರ ಮಾಡೆಲ್ಲೂ ಸಿಗುತ್ತೆ. ಐಎಂಎಸ್ ಬೇರಿಂಗ್ ಹೋಗುತ್ತೆ ಅಂತ ಎಲ್ಲರೂ ಹೆದರಿಸ್ತಾರೆ. ಅಷ್ಟು ಹೆದರಬೇಕಾ? ಯಾವ ವರ್ಷದ್ದು ತಗೊಂಡರೆ ಸೇಫ್?

ಉತ್ತರ: ಸರ್, ವರ್ಷ ನೋಡಿ ತಗೊಳ್ಳೋ ಗಾಡಿ ಅಲ್ಲ ಇದು, ಎಂಜಿನ್ ಒಳಗೆ ನೋಡಿ ತಗೊಳ್ಳೋದು. ನಿಮ್ಮ ಎಸ್‌ಸಿಗೆ ಏನಾದರೂ ಆದರೆ ನೆಲಕ್ಕೆ ಎಣ್ಣೆ ಸುರಿಸಿ, ಶಬ್ದ ಮಾಡಿ ತಾನೇ ಹೇಳುತ್ತೆ. 997 ಹಾಗಲ್ಲ, ಹೊರಗೆ ಲಕಲಕ ಅಂತಿದ್ದು ಒಳಗೆ ಸಿಲಿಂಡರ್ ಕೆತ್ತಿಹೋಗಿರಬಹುದು.

ಮೊದಲು ಬೇರಿಂಗ್ ವಿಷಯ ಮುಗಿಸ್ತೀನಿ. 996 (997ಕ್ಕಿಂತ ಹಿಂದಿನ 911) ಮತ್ತು ಮೊದಲ ಸರಣಿಯ, ಅಂದರೆ 2008ರವರೆಗಿನ 997ರ ಮಾಮೂಲಿ ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ನಿಂದ ಕ್ಯಾಮ್‌ಗೆ ಚಲನೆ ಸಾಗಿಸೋಕೆ ನಡುವೆ ಒಂದು ಶಾಫ್ಟ್ ಇದೆ, ಇಂಟರ್‌ಮೀಡಿಯೆಟ್ ಶಾಫ್ಟ್, ಅದೇ ಐಎಂಎಸ್. ಅದರ ಫ್ಲೈವೀಲ್ ಕಡೆ ತುದಿಯಲ್ಲಿ ಒಂದು ಬಾಲ್ ಬೇರಿಂಗ್, ಎರಡೂ ಬದಿ ಸೀಲ್ ಮಾಡಿ ಒಳಗೆ ಗ್ರೀಸ್ ತುಂಬಿದ್ದು. ವರ್ಷಗಳು ಕಳೆದ ಹಾಗೆ ಎಂಜಿನ್ ಆಯಿಲ್ ಸೀಲ್ ದಾಟಿ ಒಳಗೆ ಇಳಿದು ಗ್ರೀಸನ್ನು ತೊಳೆದುಬಿಡುತ್ತೆ. ಅದೇ ಸೀಲ್ ಅಡ್ಡ ಇರೋದರಿಂದ ಹೊಸ ಆಯಿಲ್ ಮಾತ್ರ ಸರಿಯಾಗಿ ಓಡಾಡಲ್ಲ. ಗ್ರೀಸೂ ಇಲ್ಲ, ಹರಿಯೋ ಆಯಿಲೂ ಇಲ್ಲ. ಬೇರಿಂಗ್ ಪುಡಿಯಾದರೆ ಟೈಮಿಂಗ್ ತಪ್ಪುತ್ತೆ, ವಾಲ್ವು ಪಿಸ್ಟನ್ನಿಗೆ ಬಡಿಯುತ್ತೆ, ಅಲ್ಲಿಗೆ ಎಂಜಿನ್ ಕತೆ ಮುಗೀತು.

ಆರಂಭದ 996ರಲ್ಲಿ ಎರಡು ಸಾಲು ಗುಂಡುಗಳ ಬೇರಿಂಗ್ ಇತ್ತು, ಅದು ತಕ್ಕಮಟ್ಟಿಗೆ ಗಟ್ಟಿ. 2000ದಿಂದ 2005ರ ಸುಮಾರಿಗೆ ಬಂದ ಒಂದು ಸಾಲಿನ ಚಿಕ್ಕ ಬೇರಿಂಗೇ ಹೆಸರು ಕೆಡಿಸಿದ್ದು. 2006ರಿಂದ 2008ರವರೆಗೆ ದೊಡ್ಡ ಬೇರಿಂಗ್ ಹಾಕಿದರು, ಅದು ಹೋಗೋದು ಅಪರೂಪ. ನೀವು ನೋಡಿರೋ 2006ರ ಗಾಡಿ ಈ ಗುಂಪಿನದ್ದು. ಅದರಲ್ಲಿ ನಿಜವಾದ ಭಯ ಸಿಲಿಂಡರ್ ಗೀರು. ಕರೇರಾ ಎಸ್‌ನ 3.8 ಲೀಟರ್ ಎಂಜಿನ್‌ಗೆ ಈ ಕಾಯಿಲೆ ಜಾಸ್ತಿ.

ಪ್ರಶ್ನೆ: 2005ರ ಒಂದು 997 ಕೂಡ ನೋಡ್ತಿದ್ದೇನೆ. ಅದರಲ್ಲಿ ಚಿಕ್ಕ ಬೇರಿಂಗೋ ದೊಡ್ಡದೋ ಅಂತ ಹೇಗೆ ಗೊತ್ತಾಗುತ್ತೆ?

ಉತ್ತರ: 2005ರಲ್ಲಿ ಎರಡೂ ಬಂದಿವೆ. ಖಚಿತವಾಗಿ ಗೊತ್ತಾಗಬೇಕಾದರೆ ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಇಳಿಸಿ ನೋಡಬೇಕು. ಕ್ರ್ಯಾಂಕ್ ಸೀಲ್‌ನ ಕೆಳಗೆ ಬೇರಿಂಗ್ ಮುಚ್ಚಳ ಇರುತ್ತೆ, ಅದರ ನಡುಮಧ್ಯೆ ಒಂದು ನಟ್. ಅದಕ್ಕೆ 13ರ ಸ್ಪ್ಯಾನರ್ ಕೂತರೆ ಚಿಕ್ಕ ಬೇರಿಂಗ್, 22ರದ್ದು ಕೂತರೆ ದೊಡ್ಡದು.

ಚಿಕ್ಕದನ್ನು ಎಂಜಿನ್ ಬಿಚ್ಚದೆಯೇ ಎಳೆದು ತೆಗೆದು ಸೆರಾಮಿಕ್ ಗುಂಡುಗಳ ಬೇರಿಂಗ್ ಹಾಕಬಹುದು. ದೊಡ್ಡದು ಆ ತೂತಿನಲ್ಲಿ ಹೊರಗೇ ಬರಲ್ಲ, ಕ್ರ್ಯಾಂಕ್‌ಕೇಸ್ ಎರಡು ಹೋಳು ಮಾಡಲೇಬೇಕು. ಅದಕ್ಕೇ ಕ್ಲಚ್ ಕೆಲಸಕ್ಕೆ ಬಿಚ್ಚಿದಾಗ ಅದರ ಹೊರಬದಿಯ ಸೀಲ್ ಮಾತ್ರ ಕಿತ್ತು ತೆಗೀತಾರೆ, ಆಮೇಲೆ ಎಂಜಿನ್ ಆಯಿಲೇ ಬೇರಿಂಗ್‌ಗೆ ಸಿಗುತ್ತೆ. ಕ್ಲಚ್, ಹಿಂದಿನ ಕ್ರ್ಯಾಂಕ್ ಸೀಲ್, ಬೇರಿಂಗ್ ಮೂರನ್ನೂ ಒಂದೇ ಸಲ ಮುಗಿಸಿ. ಕೂಲಿ ಇರೋದೇ ಗೇರ್‌ಬಾಕ್ಸ್ ಇಳಿಸೋದಕ್ಕೆ. ಮಾರೋರು "ಬೇರಿಂಗ್ ಬದಲಾಯಿಸಿದೆ" ಅಂದರೆ ಬಿಲ್ ಕೇಳಿ. 2007ರ ಗಾಡಿಗೆ ಹಾಗಂದರೆ ಎಂಜಿನ್ ಪೂರ್ತಿ ಬಿಚ್ಚಿದ ಬಿಲ್ಲೇ ಇರಬೇಕು. ಇಲ್ಲದಿದ್ದರೆ ಆ ಮಾತು ನಂಬಬೇಡಿ.

ಪ್ರಶ್ನೆ: ಸಿಲಿಂಡರ್ ಗೀರು ಹೇಗೆ ಪತ್ತೆ ಮಾಡೋದು? ಪ್ಲಗ್ ತೂತಿನಿಂದ ಕ್ಯಾಮೆರಾ ಬಿಟ್ಟು ನೋಡಿದ್ದಾರಂತೆ, ಕ್ಲೀನ್ ಇದೆ ಅಂತ ಫೋಟೋ ಕಳಿಸಿದ್ದಾರೆ.

ಉತ್ತರ: ಅಷ್ಟು ಸಾಲದು. ಗೀರು ಶುರುವಾಗೋದು ಹೆಚ್ಚಾಗಿ ಸಿಲಿಂಡರಿನ ಕೆಳಭಾಗದಲ್ಲಿ. ಪ್ಲಗ್ ತೂತಿನಿಂದ ಇಳಿಸಿದ ಕ್ಯಾಮೆರಾಗೆ ಮೇಲಿನ ಭಾಗ ಕಂಡಷ್ಟು ಕೆಳಗಿನದು ಕಾಣಲ್ಲ, ಪಿಸ್ಟನ್ ಪೂರ್ತಿ ಇಳಿದಿದ್ದರೂ ಅಷ್ಟೇ. ಸರಿಯಾದ ಕ್ರಮ ಇದು: ಆಯಿಲ್ ಇಳಿಸಿ ಸಂಪ್ ಪ್ಲೇಟ್ (ಎಂಜಿನ್ ತಳದ ಮುಚ್ಚಳ) ತೆಗೀಬೇಕು. ನೋಡಬೇಕಾದ ಸಿಲಿಂಡರಿನ ಪಿಸ್ಟನ್ ಪೂರ್ತಿ ಮೇಲಿನ ತುದಿಗೆ ಬರೋ ಹಾಗೆ ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಬೇಕು, ಎಂಜಿನ್ ಓಡೋ ದಿಕ್ಕಿನಲ್ಲೇ, ಹಿಂದಕ್ಕೆ ಬೇಡ. ಆಗ ಕೆಳಗಿನಿಂದ ಬಾಗೋ ತುದಿಯ ಕ್ಯಾಮೆರಾ ಏರಿಸಿದರೆ ಗೋಡೆ ಪೂರ್ತಿ ಕಾಣುತ್ತೆ. ಆರೂ ಸಿಲಿಂಡರ್ ನೋಡಿ. ಪುರುಸೊತ್ತಿಲ್ಲ ಅಂದರೆ 4, 5, 6 ಬಿಡಲೇಬೇಡಿ, ಗೀರು ಬೀಳೋದು ಹೆಚ್ಚಾಗಿ ಆ ಬದಿಗೆ, ಅದರಲ್ಲೂ 6ಕ್ಕೆ.

ಒಳ್ಳೇ ಗೋಡೆ ಮಾಸಲು ಬೂದು ಬಣ್ಣ ಇರುತ್ತೆ, ಎಲ್ಲ ಕಡೆ ಒಂದೇ ಥರ. ಕೂದಲೆಳೆಯಂಥ ಒಂದೆರಡು ಉದ್ದ ಗೆರೆಗೆ ಗಾಬರಿ ಬೇಡ. ಬೆರಳಗಲದ ಪಟ್ಟಿಯೇ ಕಪ್ಪಾಗಿ, ಗೆರೆ ಗೆರೆಯಾಗಿ ಉಜ್ಜಿಕೊಂಡಿದ್ದರೆ ಅದು ಗೀರು. ಅಲ್ಲಿಂದ ವಾಪಸ್ ಬನ್ನಿ.

ಇದು ಬರೋದು ಯಾಕೆ ಅಂದರೆ, ಈ ಎಂಜಿನ್ನಿನ ಸಿಲಿಂಡರ್‌ಗೆ ಉಕ್ಕಿನ ಒಳಕೊಳವೆ (ಸ್ಲೀವ್) ಇಲ್ಲ. ಅಲ್ಯೂಮಿನಿಯಂನಲ್ಲೇ ಸಿಲಿಕಾನ್ ಕಣ ಕೂರಿಸಿದ ಲೋಕಾಸಿಲ್ ಗೋಡೆ. ಪಿಸ್ಟನ್ ಬದಿಯ ಲೇಪನ ಸವೆದರೆ ಅಲ್ಯೂಮಿನಿಯಂಗೆ ಅಲ್ಯೂಮಿನಿಯಂ ಉಜ್ಜುತ್ತೆ. ತಣ್ಣಗಿದ್ದಾಗಲೇ ಜೋರಾಗಿ ಎಳೆಯೋದು, ಐದು ನಿಮಿಷದ ಓಡಾಟಕ್ಕೆ ಪದೇ ಪದೇ ಸ್ಟಾರ್ಟ್ ಮಾಡೋದು, ಆಗ ಆಯಿಲಿಗೆ ಪೆಟ್ರೋಲ್ ಬೆರೆತು ತೆಳುವಾಗೋದು, ಇವೆಲ್ಲ ಅದಕ್ಕೆ ದಾರಿ.

ಸಂಪ್ ತೆಗೆಯೋಕೆ ಮುಂಚೆ ಪುಕ್ಕಟೆ ಸಿಗೋ ಸುಳಿವುಗಳೂ ಇವೆ. ಎರಡು ಕಡೆಯ ಸೈಲೆನ್ಸರ್ ಬಾಯಿಗೆ ಬೆರಳು ಹಾಕಿ ಒರೆಸಿ. ಒಂದು ಕಡೆ ಮಾತ್ರ ಎಣ್ಣೆಮಸಿ ಅಂಟಿದರೆ ಅನುಮಾನ ಪಡಿ. ಎಂಜಿನ್ ಬಿಸಿಯಾದ ಮೇಲೂ ಒಂದು ಬದಿಯಿಂದ ಟಕ್ ಟಕ್ ಬರ್ತಿದ್ದರೂ ಅಷ್ಟೇ. ಗಾಡಿ ನೋಡೋಕೆ ಹೋಗೋ ದಿನ "ಮೊದಲೇ ಸ್ಟಾರ್ಟ್ ಮಾಡಿಡಬೇಡಿ" ಅಂತ ಹೇಳಿಯೇ ಹೋಗಿ. ಹೋದಾಗ ಎಂಜಿನ್ ಬೆಚ್ಚಗಿದ್ದರೆ ಇನ್ನೊಂದು ದಿನ ಬರ್ತೀನಿ ಅನ್ನಿ.

ಪ್ರಶ್ನೆ: ಆಯಿಲ್ ಫಿಲ್ಟರ್ ಕತ್ತರಿಸಿ ನೋಡಿ ಅಂತಾರಲ್ಲ, ಅದರಲ್ಲೇನು ಸಿಗುತ್ತೆ?

ಉತ್ತರ: ಇದರಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಕಾಗದದ ಫಿಲ್ಟರ್ ಇರುತ್ತೆ. ಮಡಿಕೆಗಳನ್ನು ಕತ್ತರಿಸಿ, ಹಿಂಡಿ, ಬಿಳಿ ಬಟ್ಟೆ ಮೇಲೆ ಉದ್ದಕ್ಕೆ ಹಾಸಿ ಬಿಸಿಲಲ್ಲಿ ನೋಡಿ. ಕಂದು ಅಥವಾ ಕಪ್ಪು ಪ್ಲಾಸ್ಟಿಕ್ ಚೂರು ಚೈನ್ ಗೈಡಿನದ್ದು, ಒಂದೆರಡು ಇದ್ದರೆ ತೊಂದರೆ ಇಲ್ಲ. ಮಿನುಗೋ ಚೂರು ಕಂಡರೆ ಅಯಸ್ಕಾಂತ ಹಿಡೀರಿ. ಅಂಟಿದರೆ ಉಕ್ಕು, ಬೇರಿಂಗ್ ಕಡೆ ಬೆರಳು ತೋರಿಸುತ್ತೆ. ಅಂಟದಿದ್ದರೆ ಅಲ್ಯೂಮಿನಿಯಂ, ಅಂದರೆ ಪಿಸ್ಟನ್ ಅಥವಾ ಗೋಡೆ. ಹೊಸ ಫಿಲ್ಟರ್ ಹಾಕೋವಾಗ ಡಬ್ಬಿಗೆ 25 ನ್ಯೂಟನ್ ಮೀಟರ್, ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಜೊತೆ 50. ಡಬ್ಬಿಯನ್ನು ಉದ್ದ ಹಿಡಿಯ ರೆಂಚ್ ಹಾಕಿ ತಿರುವಿದರೆ ಪ್ಲಾಸ್ಟಿಕ್ ಸೀಳುತ್ತೆ.

ಪ್ರಶ್ನೆ: ಕಂಪ್ಯೂಟರ್ ಹಾಕಿ ಓವರ್‌ರೆವ್ ರಿಪೋರ್ಟ್ (ಎಂಜಿನ್ ಮಿತಿ ಮೀರಿ ಸುತ್ತಿದ್ದರ ಲೆಕ್ಕ) ತೆಗೆಸಿದ್ದೇನೆ. ಅಂಕಿ ನೋಡಿ ತಲೆ ಕೆಡ್ತಿದೆ.

ಉತ್ತರ: ಮೊದಲ ಸರಣಿಯ 997ರಲ್ಲಿ ಎರಡು ಹಂತ ಇರುತ್ತೆ, 2009ರ ನಂತರದ್ದರಲ್ಲಿ ಆರು. ಎರಡು ಹಂತದ ರಿಪೋರ್ಟಿನಲ್ಲಿ ಮೊದಲ ಹಂತ ಅಂದರೆ ಮಿತಿಯವರೆಗೆ ಎಳೆದದ್ದು, ತಲೆ ಕೆಡಿಸಿಕೊಳ್ಳಬೇಡಿ. ಎರಡನೇ ಹಂತ ಬರೋದು ಐದರ ಬದಲು ಮೂರಕ್ಕೆ ಗೇರ್ ಹಾಕಿದಾಗ, ಚಕ್ರಗಳೇ ಎಂಜಿನ್ನನ್ನು ತಿರುಗಿಸಿದಾಗ. ಆರು ಹಂತದ್ದರಲ್ಲಿ 4, 5, 6ನ್ನು ನೋಡಿ.

ಸಂಖ್ಯೆಯ ಪಕ್ಕದಲ್ಲಿ ಅದು ಕೊನೆಯ ಸಲ ಆಗಿದ್ದು ಎಷ್ಟನೇ ಗಂಟೆಯಲ್ಲಿ ಅಂತಲೂ ಇರುತ್ತೆ. ಒಟ್ಟು 1,500 ಗಂಟೆ ಓಡಿದ ಎಂಜಿನ್, ತಪ್ಪು ಗೇರ್ ಬಿದ್ದಿದ್ದು 600ನೇ ಗಂಟೆಯಲ್ಲಿ ಅಂದರೆ ಆಮೇಲೆ 900 ಗಂಟೆ ಸುಮ್ಮನೆ ಓಡಿದೆ, ಬಿಡಿ. 1,490ರಲ್ಲಿ ಆಗಿದ್ದರೆ ಯಾಕೆ ಮಾರ್ತಿದ್ದಾರೆ ಅಂತ ಯೋಚನೆ ಮಾಡಿ.

ಅದೇ ಹಾಳೆಯಿಂದ ಮೀಟರ್ ತಿರುಚಿದ್ದಾರಾ ಅಂತಲೂ ತಿಳೀಬಹುದು. ಕಿಲೋಮೀಟರನ್ನು ಗಂಟೆಯಿಂದ ಭಾಗಿಸಿ. 60,000 ಕಿ.ಮೀ., 1,500 ಗಂಟೆ ಅಂದರೆ ಸರಾಸರಿ 40, ಸಹಜ. 40,000 ಕಿ.ಮೀ.ಗೆ 3,000 ಗಂಟೆ ಅಂದರೆ ಸರಾಸರಿ 13 ಚಿಲ್ಲರೆ. ಒಂದೋ ಗಾಡಿ ಟ್ರಾಫಿಕ್‌ನಲ್ಲೇ ಬದುಕಿದೆ, ಇಲ್ಲಾ ಮೀಟರ್ ಹಿಂದಕ್ಕೆ ಹೋಗಿದೆ.

ಪ್ರಶ್ನೆ: ಇಷ್ಟೆಲ್ಲ ರಗಳೆ ಯಾಕೆ, 2009ರದ್ದೇ ತಗೊಂಡರೆ ಮುಗೀತಲ್ಲ?

ಉತ್ತರ: ಮುಕ್ಕಾಲು ಪಾಲು ಮುಗೀತು. ಆ ಎಂಜಿನ್‌ನಲ್ಲಿ ನಡುವಿನ ಶಾಫ್ಟೇ ಇಲ್ಲ, ಸಿಲಿಂಡರ್ ಗೋಡೆಯೂ ಬೇರೆ, ಅಲುಸಿಲ್ ಅನ್ನೋ ಸಿಲಿಕಾನ್ ಬೆರೆತ ಅಲ್ಯೂಮಿನಿಯಂ. ಗೀರು ಬೀಳೋದು ಕಡಿಮೆ, ಹಾಗಂತ ಇಲ್ಲವೇ ಇಲ್ಲ ಅಂತಲ್ಲ. ನೇರ ಪೆಟ್ರೋಲ್ ಇಂಜೆಕ್ಷನ್ ಇರೋದರಿಂದ ಹೈ ಪ್ರೆಶರ್ ಪಂಪ್ ಕಡೆ ಗಮನ ಇರಲಿ. ಸ್ಟಾರ್ಟ್ ಆಗೋಕೆ ತುಂಬ ಹೊತ್ತು ಕ್ರ್ಯಾಂಕ್ ಮಾಡಬೇಕಾದರೆ ಅದನ್ನೇ ಮೊದಲು ಅನುಮಾನಿಸಿ. ಬಜೆಟ್ ಇದ್ದರೆ ನನ್ನ ಓಟು ಇದಕ್ಕೇ. ಆದರೆ ಒಳಗೆ ನೋಡದ 2009ಕ್ಕಿಂತ ಸಂಪ್ ಬಿಚ್ಚಿ ನೋಡಿದ 2006 ಮೇಲು.

ಟರ್ಬೊ ಕೇಳೋರಿಗೆ: 996 ಟರ್ಬೊ, 2009ರವರೆಗಿನ 997 ಟರ್ಬೊಗಳದ್ದು ಮೆಟ್ಸ್‌ಗರ್ ಅನ್ನೋ ಬೇರೆಯೇ ವಿನ್ಯಾಸದ ಎಂಜಿನ್, ಈ ಬೇರಿಂಗ್ ಕತೆ ಅದಕ್ಕಿಲ್ಲ. ಅದರಲ್ಲಿ ಕೂಲಂಟ್ ಪೈಪುಗಳನ್ನು ಅಂಟು ಹಾಕಿ ಕೂರಿಸಿದ್ದಾರೆ, ಅವು ಕಳಚಿಕೊಂಡರೆ ನೀರೆಲ್ಲ ಒಂದೇ ಸಲ ಹೋಗುತ್ತೆ. ವೆಲ್ಡ್ ಅಥವಾ ಪಿನ್ ಮಾಡಿಸಿದ್ದಾರಾ ಅಂತ ಕೇಳಿ.

ಪ್ರಶ್ನೆ: ಎಸ್‌ಸಿ ಓಡಿಸಿ ರೂಢಿಯಾದವನಿಗೆ 997ರಲ್ಲಿ ಏನು ಬದಲಾಗುತ್ತೆ?

ಉತ್ತರ: ಆಯಿಲ್ ನೋಡೋದು ತಿರುಗುಮುರುಗು. ಎಸ್‌ಸಿಯಲ್ಲಿ ಎಂಜಿನ್ ಬಿಸಿಯಾಗಿ ಓಡ್ತಿರುವಾಗ ಟ್ಯಾಂಕಿನ ಕಡ್ಡಿ ಎತ್ತಿ ನೋಡ್ತೀರಿ. 997ರಲ್ಲಿ ಕಡ್ಡಿಯೇ ಇಲ್ಲ. ಮೊದಲ ಸರಣಿಯದ್ದರಲ್ಲಿ ಬಿಸಿ ಎಂಜಿನ್ ನಿಲ್ಲಿಸಿ, ಸಮ ನೆಲದಲ್ಲಿ, ಇಗ್ನಿಷನ್ ಹಾಕಿ ಡಿಸ್‌ಪ್ಲೇ ನೋಡಬೇಕು. ಕಡಿಮೆ ತೋರಿಸಿದರೆ ಅರ್ಧ ಲೀಟರ್‌ಗಿಂತ ಹೆಚ್ಚು ಒಟ್ಟಿಗೆ ಸುರೀಬೇಡಿ. ಜಾಸ್ತಿಯಾದ ಆಯಿಲ್, ಎಂಜಿನ್ ಆವಿಯಿಂದ ಎಣ್ಣೆ ಬೇರ್ಪಡಿಸೋ ಆಯಿಲ್ ಸೆಪರೇಟರ್ ದಾಟಿ ಇನ್‌ಟೇಕ್‌ಗೆ ಹೋಗುತ್ತೆ. ಸೆಪರೇಟರ್ ಹರಿದಿದ್ದರೆ ಸ್ಟಾರ್ಟ್ ಮಾಡಿದ ಕೂಡಲೇ ಹಿಂದೆ ಬಿಳಿ ಹೊಗೆಯ ಮೋಡ ಏಳುತ್ತೆ. ಎಂಜಿನ್ ಓಡ್ತಿರುವಾಗ ಆಯಿಲ್ ಮುಚ್ಚಳ ಒಳಗೆ ಎಳೆದುಕೊಂಡು ಎತ್ತೋಕೇ ಬರಲ್ಲ.

ಆಯಿಲ್ ಸುಮಾರು 8 ಲೀಟರ್, ಕಂಪನಿಯ ಎ40 ಒಪ್ಪಿಗೆ ಇರೋದೇ ಹಾಕಿ. ಹಳೇ ಗಾಡಿಗೆ ತಂದ 20ಡಬ್ಲ್ಯು-50 ಡಬ್ಬಿ ಉಳಿದಿದೆ ಅಂತ ಇದಕ್ಕೆ ಸುರೀಬೇಡಿ. ಕಂಪನಿ ಹೇಳೋ ಅವಧಿ ತೀರಾ ಉದ್ದ. 8,000 ಕಿ.ಮೀ. ಅಥವಾ ವರ್ಷ, ಯಾವುದು ಮೊದಲೋ ಆಗ ಬದಲಿಸಿ. ಆಯಿಲ್ 80 ಡಿಗ್ರಿ ಮುಟ್ಟೋವರೆಗೆ 3,500 ಆರ್‌ಪಿಎಂ ದಾಟಿಸಬೇಡಿ. ವಾಲ್ವ್ ಸೆಟ್ಟಿಂಗ್ ಕೆಲಸ ಮಾತ್ರ ತಪ್ಪಿತು, ಇದರಲ್ಲಿ ಹೈಡ್ರಾಲಿಕ್ ಟ್ಯಾಪೆಟ್.

ನಿಮ್ಮ ಎಸ್‌ಸಿಗಿಂತ 997 ಕರೇರಾ ಎಸ್ ಸುಮಾರು 260 ಕಿಲೋ ಹೆಚ್ಚು ಭಾರ, 15 ಸೆಂ.ಮೀ.ಗೂ ಹೆಚ್ಚು ಅಗಲ. ಶೆಡ್ಡಿನ ಬಾಗಿಲು ಮೊದಲೇ ಅಳೆದುಕೊಳ್ಳಿ. ಹಿಂದಿನ ಟೈರ್ ಹೊರಗಿನಿಂದ ಹೊಸದರಂತೆ ಕಂಡರೂ ಒಳಅಂಚಿಗೆ ಕೈ ಹಾಕಿ ನೋಡಿ, ಅಲ್ಲೇ ಮೊದಲು ತಂತಿ ಕಾಣೋದು. ಮುಂದಿನ ಬಂಪರ್ ಬಾಯಲ್ಲಿ ರೇಡಿಯೇಟರ್‌ಗೂ ಎಸಿ ಕಂಡೆನ್ಸರ್‌ಗೂ ನಡುವೆ ಒಣ ಎಲೆ ಸೇರಿ, ಒದ್ದೆಯಾಗಿ ಎರಡನ್ನೂ ತಿನ್ನುತ್ತೆ. ವರ್ಷಕ್ಕೊಮ್ಮೆ ಬಂಪರ್ ಬಿಚ್ಚಿ ತೆಗೀರಿ.

ಪ್ರಶ್ನೆ: ಎಸ್‌ಸಿ ಮಾರೋ ಮುಂಚೆ ಅದಕ್ಕೇನಾದರೂ ಮಾಡಿಸಬೇಕಾ?

ಉತ್ತರ: ಪಾಲಿಶ್‌ಗೆ ದುಡ್ಡು ಹಾಕಬೇಡಿ. ತಿಳಿದವರು ಕೇಳೋ ಮೊದಲ ಪ್ರಶ್ನೆ ಹೆಡ್ ಸ್ಟಡ್, ಅಂದರೆ ಸಿಲಿಂಡರ್ ಹೆಡ್ ಬಿಗಿಹಿಡಿಯೋ ಉದ್ದ ಬೋಲ್ಟ್. ಕೆಳಸಾಲಿನ, ಡಿಲಾವಾರ್ ಅನ್ನೋ ಮಿಶ್ರಲೋಹದ ಸ್ಟಡ್‌ಗಳು ಒಳಗೇ ಮುರೀತವೆ. ಎಂಜಿನ್ ತಣ್ಣಗಿರುವಾಗ ಕೆಳಗಿನ ವಾಲ್ವ್ ಕವರ್ ಎರಡೂ ತೆಗೀರಿ. ಸ್ಟಡ್ ಮುರಿದಿದ್ದರೆ ನಟ್ಟಿನ ಸಮೇತ ತುಂಡು ಕವರಿನಲ್ಲೇ ಬಿದ್ದಿರುತ್ತೆ. ಬಿದ್ದಿಲ್ಲ ಅಂದರೆ ಫೋಟೋ ತೆಗೆದಿಡಿ, ಹೇಗಿದ್ದರೂ ಬಿಚ್ಚಿದ್ದೀರಲ್ಲ, ವಾಲ್ವ್ ಗ್ಯಾಪ್ 0.1 ಮಿ.ಮೀ.ಗೆ ಸೆಟ್ ಮಾಡಿ ಹೊಸ ಗ್ಯಾಸ್ಕೆಟ್ ಹಾಕಿ. ಜೊತೆಗೆ ಲೀಕ್‌ಡೌನ್ ಪರೀಕ್ಷೆಯ (ಸಿಲಿಂಡರಿಗೆ ಗಾಳಿ ತುಂಬಿ ಸೋರಿಕೆ ಅಳೆಯೋದು) ಆರು ಅಂಕಿ ಬರೆದ ಹಾಳೆ ಇಡಿ. ಚೈನ್ ಟೆನ್ಷನರ್‌ಗಳನ್ನು 1984ರ ನಂತರ ಬಂದ, ಎಂಜಿನ್ ಆಯಿಲ್ ಒತ್ತಡದಲ್ಲಿ ನಡೆಯೋ ಮಾದರಿಗೆ ಬದಲಿಸಿದ್ದರೆ ಅದರ ಬಿಲ್ಲೂ ಇಡಿ. ಕಿತ್ತಿಟ್ಟ ಮೂಲ ಬಿಡಿಭಾಗಗಳನ್ನು ಬೇರೆ ಮಾರಬೇಡಿ, ಗಾಡಿ ಜೊತೆಗೇ ಕೊಡಿ.

ಪ್ರಶ್ನೆ: 997 ತಗೊಂಡಾಯ್ತು, ಒಳಗೆಲ್ಲ ನೋಡಿಸಿಯೇ. ಮೂರು ವಾರ ನಿಲ್ಲಿಸಿದ್ದೆ, ಬ್ಯಾಟರಿ ಸತ್ತಿದೆ. ಬ್ಯಾಟರಿ ಮುಂದಿನ ಡಿಕ್ಕಿಯಲ್ಲಿದೆ, ಡಿಕ್ಕಿ ತೆರೆಯೋಕೆ ಕರೆಂಟ್ ಬೇಕು!

ಉತ್ತರ: ಕೀಲಿಯಿಂದ ಬಾಗಿಲು ತೆರೀರಿ, ನಿಧಾನಕ್ಕೆ. ಕರೆಂಟ್ ಇಲ್ಲದಾಗ ಗಾಜು ಕೆಳಗೆ ಜಾರಲ್ಲ, ಮೇಲಿನ ರಬ್ಬರಿಗೆ ಸಿಕ್ಕಿಕೊಳ್ಳುತ್ತೆ. ಕಾಲಿಡೋ ಜಾಗದ ಪಕ್ಕದ ಫ್ಯೂಸ್ ಬಾಕ್ಸ್ ಮುಚ್ಚಳ ತೆಗೆದರೆ ಹೊರಗೆ ಎಳೆಯೋ ಕೆಂಪು ಟರ್ಮಿನಲ್ ಒಂದಿದೆ. ಅದನ್ನೆಳೆದು ಇನ್ನೊಂದು ಬ್ಯಾಟರಿಯ ಪಾಸಿಟಿವ್ ಕೊಡಿ, ನೆಗೆಟಿವ್ ಕ್ಲಿಪ್ಪನ್ನು ಬಾಗಿಲ ಚೌಕಟ್ಟಿನ ಲಾಕ್ ಕೊಂಡಿಗೆ ಹಾಕಿ. ಅಲಾರಂ ಕೂಗಿದರೆ ರಿಮೋಟ್ ಒತ್ತಿ ನಿಲ್ಲಿಸಿ, ಡಿಕ್ಕಿ ಸ್ವಿಚ್ ಎಳೀರಿ. ಇದು ಡಿಕ್ಕಿ ತೆರೆಯೋಕೆ ಮಾತ್ರ. ಆ ಸಣ್ಣ ತಂತಿಯಲ್ಲಿ ಎಂಜಿನ್ ಸ್ಟಾರ್ಟ್ ಮಾಡೋಕೆ ಹೋಗಬೇಡಿ, ಸುಟ್ಟುಹೋಗುತ್ತೆ. ಡಿಕ್ಕಿ ತೆರೆದ ಮೇಲೆ ಬ್ಯಾಟರಿಗೇ ಚಾರ್ಜರ್ ಹಾಕಿ, ಚಾರ್ಜ್ ಆಗೋವರೆಗೆ ಡಿಕ್ಕಿ ಮುಚ್ಚಬೇಡಿ.